ಜಾಲತಾಣದ ಪ್ರಚಾರ, ಮೈಸೂರಿನ ಮತ

ಸಾಮಾಜಿಕ ಜಾಲತಾಣಗಳ ಮೂಲಕ ನಡೆಯುವ ಚುನಾವಣಾ ಪ್ರಚಾರಕ್ಕೆ ಮೂರು ಕೆಲಸಗಳಿವೆ. ಅಭ್ಯರ್ಥಿ ದಿನವೂ ಮತದಾರರ ಕಣ್ಣಿಗೆ ಬೀಳುವಂತೆ ನೋಡಿಕೊಳ್ಳುವುದು ಮೊದಲನೆಯದು. ಎದುರಾಳಿ ಎತ್ತಿದ ಮಾತಿಗೆ ಮರುದಿನದ ಪತ್ರಿಕೆಗೆ ಕಾಯದೆ ಉತ್ತರ ಕೊಡುವುದು ಎರಡನೆಯದು. ಮೂರನೆಯದು ಹೊರಗಿನವರಿಗೆ ಅಷ್ಟಾಗಿ ಕಾಣುವುದಿಲ್ಲ, ಆದರೆ ಪಕ್ಷದವರು ಹೆಚ್ಚು ನೆಚ್ಚಿಕೊಂಡಿರುವುದು ಅದನ್ನೇ: ಬೂತ್ ಮಟ್ಟದ ಕಾರ್ಯಕರ್ತರಿಗೆ ಬೆಳಗಿನಿಂದ ರಾತ್ರಿಯವರೆಗೆ ಸೂಚನೆ ಕೊಡುವುದು, ಅವರಿಂದ ವರದಿ ತರಿಸಿಕೊಳ್ಳುವುದು, ಅವರ ಹುರುಪು ಕುಂದದಂತೆ ನೋಡಿಕೊಳ್ಳುವುದು.

ಈ ಮೂರೂ ಹೇಗೆ ನಡೆಯುತ್ತವೆ, ಎಲ್ಲಿ ಗೆಲ್ಲುತ್ತವೆ, ಎಲ್ಲಿ ಸೋಲುತ್ತವೆ ಎಂಬುದನ್ನು ತಿಳಿಯಲು ಮೈಸೂರಿಗಿಂತ ಒಳ್ಳೆಯ ಊರು ಕರ್ನಾಟಕದಲ್ಲಿ ಸಿಗುವುದು ಕಷ್ಟ. ಅಂಕಣಗಳಿಂದ ಹೆಸರಾದ ಪತ್ರಕರ್ತರೊಬ್ಬರು ಇಲ್ಲಿಂದ ಎರಡು ಬಾರಿ ಸಂಸದರಾದರು. ಟ್ವಿಟರ್‌ನಲ್ಲಿ ದೇಶದ ಗಮನ ಸೆಳೆದ ಮುಖ್ಯಮಂತ್ರಿಯೊಬ್ಬರು ಇಲ್ಲೇ ಸೋತರು, ಐದು ವರ್ಷಗಳ ನಂತರ ಪಕ್ಕದ ಕ್ಷೇತ್ರದಲ್ಲಿ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. ರಾಜವಂಶಸ್ಥರೊಬ್ಬರು ಮೊದಲ ಸ್ಪರ್ಧೆಯಲ್ಲೇ ಲೋಕಸಭೆಗೆ ಹೋದರು. ಈ ಎಲ್ಲ ಕಥೆಗಳಲ್ಲೂ ಮೊಬೈಲಿಗೆ ಪಾತ್ರವಿದೆ. ಆದರೆ ಅದು ಸಾಮಾನ್ಯವಾಗಿ ಭಾವಿಸುವಂಥ ಪಾತ್ರವಲ್ಲ.

ಗೋಡೆ, ಆಟೊ, ಕರಪತ್ರ

ಜಾಲತಾಣ ಬರುವ ಮುನ್ನ ಮೈಸೂರಿನ ಪ್ರಚಾರ ಬೀದಿಯಲ್ಲಿತ್ತು. ಸುಣ್ಣ ಬಳಿದ ಗೋಡೆಯ ಮೇಲೆ ಪಕ್ಷದ ಚಿಹ್ನೆ, ಧ್ವನಿವರ್ಧಕ ಕಟ್ಟಿದ ಆಟೊ, ಮನೆಮನೆಗೆ ಕರಪತ್ರ, ಸಂಜೆ ಪುರಭವನದ ಮುಂದೆ ಬಹಿರಂಗ ಸಭೆ. ಸ್ಥಳೀಯ ಪತ್ರಿಕೆಗಳಿಗೂ ದೊಡ್ಡ ತೂಕವಿತ್ತು. 'ಆಂದೋಲನ', 'ಮೈಸೂರು ಮಿತ್ರ', ಇಂಗ್ಲಿಷ್ ಸಂಜೆಪತ್ರಿಕೆ 'ಸ್ಟಾರ್ ಆಫ್ ಮೈಸೂರ್' ಓದದೆ ಇಲ್ಲಿನ ರಾಜಕೀಯ ತಿಳಿಯುತ್ತಿರಲಿಲ್ಲ. ಇಂದಿಗೂ ಅಭ್ಯರ್ಥಿಗಳು ಈ ಪತ್ರಿಕೆಗಳ ಸುದ್ದಿಯ ತುಣುಕನ್ನು ಫೋಟೊ ತೆಗೆದು ತಮ್ಮ ಪುಟಕ್ಕೆ ಹಾಕಿಕೊಳ್ಳುತ್ತಾರೆ. ಅಚ್ಚಾದ ಮಾತಿಗೆ ಇರುವ ನಂಬಿಕೆಯನ್ನು ಮೊಬೈಲು ಹೀಗೆ ಎರವಲು ಪಡೆಯುತ್ತದೆ.

ಗೋಡೆಬರಹಕ್ಕೆ ಕಡಿವಾಣ ಬಿದ್ದದ್ದು ಕಾನೂನಿನಿಂದ. ಸಾರ್ವಜನಿಕ ಸ್ಥಳಗಳನ್ನು ಅಂದಗೆಡಿಸುವುದನ್ನು ತಡೆಯುವ 1981ರ ಕರ್ನಾಟಕದ ಕಾಯ್ದೆಯನ್ನು ಚುನಾವಣಾ ಅಧಿಕಾರಿಗಳು ಬಿಗಿಯಾಗಿ ಜಾರಿ ಮಾಡಿದಂತೆ ಗೋಡೆ, ಕಂಬ, ಫ್ಲೆಕ್ಸ್ ಎಲ್ಲಕ್ಕೂ ಮಿತಿ ಬಂತು. ಧ್ವನಿವರ್ಧಕಕ್ಕೆ ಅನುಮತಿ ಬೇಕು, ವಾಹನಕ್ಕೆ ಅನುಮತಿ ಬೇಕು, ಎಲ್ಲದರ ಖರ್ಚೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ. ಹೀಗೆ ಬೀದಿ ಕಿರಿದಾಗುತ್ತಿದ್ದ ಕಾಲದಲ್ಲೇ ಮೊಬೈಲು ಬಂತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಶುರುವಾಗಿ ಡೇಟಾ ದರ ಕುಸಿದ ಮೇಲಂತೂ ಹುಣಸೂರಿನ ತಂಬಾಕು ಬೆಳೆಗಾರನಿಗೂ ಕುವೆಂಪುನಗರದ ನಿವೃತ್ತ ಉಪನ್ಯಾಸಕರಿಗೂ ಒಂದೇ ವಿಡಿಯೊ ಒಂದೇ ಗಂಟೆಯಲ್ಲಿ ತಲುಪುವಂತಾಯಿತು.

ಜಗತ್ತಿನಲ್ಲಿ ಈ ದಾರಿ ತೆರೆದದ್ದು ಅಮೆರಿಕದಲ್ಲಿ. 2008ರಲ್ಲಿ ಬರಾಕ್ ಒಬಾಮ ತಂಡ ಬೆಂಬಲಿಗರಿಗೆಂದೇ ಜಾಲತಾಣವೊಂದನ್ನು ಕಟ್ಟಿತು. ಅಲ್ಲಿ ನೋಂದಾಯಿಸಿಕೊಂಡವರು ತಮ್ಮ ಬೀದಿಯಲ್ಲಿ ತಾವೇ ಸಭೆ ಕರೆಯಬಹುದಿತ್ತು, ಸಣ್ಣ ಮೊತ್ತದ ದೇಣಿಗೆ ಸಂಗ್ರಹಿಸಬಹುದಿತ್ತು, ನೆರೆಯವರಿಗೆ ಫೋನ್ ಮಾಡಬಹುದಿತ್ತು. ಕಂಪ್ಯೂಟರಿನ ಮುಂದೆ ಕುಳಿತವರನ್ನು ಮನೆಯಿಂದ ಹೊರಗೆ ಕಳಿಸುವುದೇ ಆ ತಾಣದ ಉದ್ದೇಶವಾಗಿತ್ತು. ಅದನ್ನು ನೋಡಿ ಕಲಿತವರಲ್ಲಿ ಹಲವರು ಪುಟ ತೆರೆಯುವುದನ್ನು ಮಾತ್ರ ಕಲಿತರು, ಹೊರಗೆ ಕಳಿಸುವುದನ್ನು ಬಿಟ್ಟರು.

ಒಂದು ವಾರ್ಡ್ ಗ್ರೂಪಿನ ಒಂದು ದಿನ

ಪ್ರಚಾರದ ಜಾಲವನ್ನು ಹತ್ತಿರದಿಂದ ನೋಡಬೇಕಾದರೆ ನಾಯಕರ ಪುಟಕ್ಕಿಂತ ವಾರ್ಡ್ ಮಟ್ಟದ ವಾಟ್ಸಾಪ್ ಗ್ರೂಪನ್ನು ನೋಡಬೇಕು. ಬೆಳಿಗ್ಗೆ ಆರೂವರೆಗೆ ಚಾಮುಂಡೇಶ್ವರಿಯ ಚಿತ್ರದೊಂದಿಗೆ ಶುಭೋದಯ. ಅದರ ಬೆನ್ನಿಗೆ ಅಭ್ಯರ್ಥಿಯ 'ಇಂದಿನ ಪ್ರವಾಸ': ಎಷ್ಟು ಗಂಟೆಗೆ ಯಾವ ದೇವಸ್ಥಾನ, ಯಾವ ಬೀದಿಯಿಂದ ಪಾದಯಾತ್ರೆ, ಯಾರ ಮನೆಯಲ್ಲಿ ತಿಂಡಿ. ಒಂಬತ್ತು ಗಂಟೆಗೆ ಜಿಲ್ಲಾ ಕಚೇರಿಯ ವಾರ್ ರೂಮಿನಿಂದ ಆ ದಿನದ ಪೋಸ್ಟರ್ ಮತ್ತು ಮೂವತ್ತು ಸೆಕೆಂಡಿನ ರೀಲ್ಸ್ ಬರುತ್ತವೆ. 'ಎಲ್ಲರೂ ಸ್ಟೇಟಸ್‌ಗೆ ಹಾಕಿ, ಸ್ಕ್ರೀನ್‌ಶಾಟ್ ಕಳಿಸಿ' ಎಂದು ಅಡ್ಮಿನ್ ಬರೆಯುತ್ತಾರೆ. ಮಧ್ಯಾಹ್ನ ಪಾದಯಾತ್ರೆಯ ಫೋಟೊಗಳು ಸಾಲುಸಾಲಾಗಿ ಬೀಳುತ್ತವೆ. ಆರತಿ ಎತ್ತಿದ ಮನೆಯವರು ಆ ಫೋಟೊವನ್ನು ತಮ್ಮ ಕುಟುಂಬದ ಗ್ರೂಪಿಗೆ ಕಳಿಸುತ್ತಾರೆ. ಸಂಜೆ ಎದುರಾಳಿಯ ಭಾಷಣದ ತುಣುಕೊಂದು ಬರುತ್ತದೆ, ಅದಕ್ಕೆ ಉತ್ತರ ಏನು ಕೊಡಬೇಕೆಂಬ ಚರ್ಚೆ ನಡೆಯುತ್ತದೆ. ರಾತ್ರಿ ಹತ್ತಕ್ಕೆ ಬೂತ್ ಏಜೆಂಟರು ಎಷ್ಟು ಮನೆ ಮುಟ್ಟಿದೆವು ಎಂಬ ವರದಿ ಹಾಕುತ್ತಾರೆ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಆ ಆರತಿಯ ಫೋಟೊ. ವಾರ್ ರೂಮಿನ ಪೋಸ್ಟರನ್ನು ಕಂಡವರು ಬೆರಳಿನಿಂದ ಮೇಲಕ್ಕೆ ತಳ್ಳಿಬಿಡುತ್ತಾರೆ. ಚಿಕ್ಕಮ್ಮನೋ ಭಾವನೋ ಕಳಿಸಿದ ಫೋಟೊವನ್ನು ನಿಂತು ನೋಡುತ್ತಾರೆ. ಎಸ್ಸೆಸ್ಸೆಲ್ಸಿ ಬ್ಯಾಚಿನ ಗ್ರೂಪು, ಸಮುದಾಯದ ಗ್ರೂಪು, ಬಡಾವಣೆ ನಿವಾಸಿಗಳ ಸಂಘದ ಗ್ರೂಪು, ದೇವಸ್ಥಾನ ಸಮಿತಿಯ ಗ್ರೂಪು: ಪ್ರಚಾರದ ಮಾತು ಪಕ್ಷದ ಗ್ರೂಪಿನಿಂದ ಹೊರಬಿದ್ದು ಇವುಗಳ ಒಳಗೆ ಹೋದಾಗಲಷ್ಟೇ ಅದಕ್ಕೆ ಬಲ ಬರುತ್ತದೆ, ಏಕೆಂದರೆ ಅಲ್ಲಿ ಕಳಿಸಿದವರ ಮುಖ ಪರಿಚಯವಿರುತ್ತದೆ. 2018ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ರಾಜ್ಯದಲ್ಲಿ ತಾವು ಕನಿಷ್ಠ 50,000 ವಾಟ್ಸಾಪ್ ಗ್ರೂಪುಗಳನ್ನು ಕಟ್ಟಿರುವುದಾಗಿ ಎರಡು ದೊಡ್ಡ ಪಕ್ಷಗಳು ಹೇಳಿಕೊಂಡಿದ್ದವು. ಸಂಖ್ಯೆ ದೊಡ್ಡದೇ. ಆದರೆ ಪಕ್ಷದವರೇ ಪಕ್ಷದವರಿಗೆ ಕಳಿಸಿಕೊಳ್ಳುವ ಗ್ರೂಪು ಎಷ್ಟಿದ್ದರೂ ಹೊಸ ಮತ ತರುವುದಿಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಕಥೆಯೂ ಇದಕ್ಕೆ ಹತ್ತಿರವಾದದ್ದೇ. ಒಬ್ಬರು ಯಾವುದಕ್ಕೆ ಲೈಕ್ ಒತ್ತುತ್ತಾರೆ, ಯಾವುದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂಬುದನ್ನು ನೋಡಿ ಅಂಥದ್ದನ್ನೇ ಇನ್ನಷ್ಟು ತೋರಿಸುವುದು ಈ ತಾಣಗಳ ಲೆಕ್ಕಾಚಾರ. ಹೀಗಾಗಿ ಅಭ್ಯರ್ಥಿಯ ಪುಟ ಅವರ ಅಭಿಮಾನಿಗಳಿಗೆ ದಿನವೂ ಕಾಣುತ್ತದೆ, ತಟಸ್ಥರಿಗೆ ಅಪರೂಪಕ್ಕೆ ಕಾಣುತ್ತದೆ. ತಟಸ್ಥರನ್ನು ಮುಟ್ಟಬೇಕಾದರೆ ಹಣ ಕೊಡಬೇಕು. ಚಾಮರಾಜ ಕ್ಷೇತ್ರದ 18ರಿಂದ 25 ವರ್ಷದವರಿಗೆ ಒಂದು ವಿಡಿಯೊ, ವಿರಾಜಪೇಟೆಯ ತೋಟದ ಮಾಲೀಕರಿಗೆ ಇನ್ನೊಂದು ಎಂದು ಬೇರೆಬೇರೆಯಾಗಿ ತಲುಪಿಸಲು ಆಗ ಸಾಧ್ಯ. ಮೈಸೂರು–ಕೊಡಗು ಲೋಕಸಭಾ ಕ್ಷೇತ್ರಕ್ಕೆ ಇದು ವಿಶೇಷವಾಗಿ ಒಗ್ಗುತ್ತದೆ. ಎಂಟು ವಿಧಾನಸಭಾ ಕ್ಷೇತ್ರಗಳು, 20 ಲಕ್ಷಕ್ಕೂ ಹೆಚ್ಚು ಮತದಾರರು. ನಗರದ ಮೂರು ಕ್ಷೇತ್ರಗಳಲ್ಲಿ ರಸ್ತೆ, ಕುಡಿಯುವ ನೀರು, ಉದ್ಯೋಗದ ಮಾತು. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಹರಾಜಿನ ದರ. ಕೊಡಗಿನಲ್ಲಿ ಆನೆ ಹಾವಳಿ, ಕಾಫಿ ಬೆಲೆ. ಒಂದೇ ಕರಪತ್ರದಲ್ಲಿ ಇವೆಲ್ಲ ಹಿಡಿಸುವುದಿಲ್ಲ. ಆದರೆ ಕೊಡಗಿನ ಹಲವು ತೋಟಗಳಲ್ಲಿ ಇಂದಿಗೂ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಅಲ್ಲಿ ಜೀಪಿನಲ್ಲಿ ಹೋಗಿ ಮಾತಾಡಿಸುವುದೇ ದಾರಿ.

ಪತ್ರಕರ್ತ, ಮುಖ್ಯಮಂತ್ರಿ, ರಾಜವಂಶಸ್ಥ

2014ರಲ್ಲಿ ಬಿಜೆಪಿ ಮೈಸೂರಿಗೆ ಆರಿಸಿದ ಅಭ್ಯರ್ಥಿ ಪ್ರತಾಪ್ ಸಿಂಹ ಸಕಲೇಶಪುರದ ಕಡೆಯವರು. ಊರಿಗೆ ಹೊಸಬರು. ಆದರೆ 'ಬೆತ್ತಲೆ ಜಗತ್ತು' ಅಂಕಣದಿಂದ ಓದುವ ಯುವಕರಿಗೆ ಪರಿಚಿತರು. ಆ ಓದುಗರು ಆಗಲೇ ಫೇಸ್‌ಬುಕ್ಕಿಗೆ ಬಂದಿದ್ದರು. ಅನುಭವಿ ರಾಜಕಾರಣಿ ಎಚ್.ವಿಶ್ವನಾಥ್ ಅವರನ್ನು ಸಿಂಹ 31,608 ಮತಗಳಿಂದ ಸೋಲಿಸಿದರು. ಮೋದಿ ಅಲೆಯ ಪಾಲು ಇದರಲ್ಲಿ ದೊಡ್ಡದು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಹೊರಗಿನಿಂದ ಬಂದವರೊಬ್ಬರು ಕೆಲವೇ ವಾರಗಳಲ್ಲಿ ಇಷ್ಟು ದೊಡ್ಡ ಕ್ಷೇತ್ರಕ್ಕೆ ಪರಿಚಯವಾದದ್ದರ ಹಿಂದೆ, ಮೊದಲೇ ಸಿದ್ಧವಾಗಿದ್ದ ಓದುಗ ಬಳಗದ ನೆರವೂ ಇತ್ತು.

ಸಂಸದರಾದ ಮೇಲೆ ಅವರು ಫೇಸ್‌ಬುಕ್ ಲೈವ್ ಅನ್ನು ಕೆಲಸದ ವರದಿ ಒಪ್ಪಿಸಲು ಬಳಸಿಕೊಂಡರು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಕಾಮಗಾರಿ ನಡೆಯುವಲ್ಲೇ ನಿಂತು ಎಲ್ಲಿ ಬೈಪಾಸ್, ಎಲ್ಲಿ ಮೇಲ್ಸೇತುವೆ ಎಂದು ವಿವರಿಸುತ್ತಿದ್ದರು. ರಸ್ತೆ ಎಂಬುದು ಸಂಸದನ ಕೆಲಸವಾಗಿ ಜನರ ಮನಸ್ಸಿನಲ್ಲಿ ಕೂತದ್ದು ಈ ಲೈವ್‌ಗಳಿಂದ. 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಮಳೆನೀರು ಹೆದ್ದಾರಿಯ ಮೇಲೇ ನಿಂತಾಗ ಟ್ರೋಲ್ ಪುಟಗಳು ಹುಡುಕಿಕೊಂಡು ಬಂದದ್ದೂ ಅವರನ್ನೇ. ಹೆಸರು ಕಟ್ಟಿಕೊಂಡ ಕೆಲಸದ ದೂರು ಕೂಡ ಅದೇ ಹೆಸರಿಗೆ ಬರುತ್ತದೆ.

ಸಿದ್ದರಾಮಯ್ಯನವರ 2018ರ ಅನುಭವ ಇನ್ನೂ ಹೆಚ್ಚು ಕಲಿಸುತ್ತದೆ. ಆ ವರ್ಷ ಮುಖ್ಯಮಂತ್ರಿಯ ಟ್ವಿಟರ್ ಖಾತೆ ದೇಶದ ಮಾಧ್ಯಮಗಳಿಗೆ ದಿನನಿತ್ಯದ ಸುದ್ದಿಯಾಗಿತ್ತು. ಮೇ 1ರಂದು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ನರೇಂದ್ರ ಮೋದಿ, ರಾಜ್ಯ ಸರ್ಕಾರದ ಸಾಧನೆಯ ಬಗ್ಗೆ ಚೀಟಿ ನೋಡದೆ 15 ನಿಮಿಷ ಮಾತಾಡುವಂತೆ ರಾಹುಲ್ ಗಾಂಧಿಗೆ ಸವಾಲು ಹಾಕಿದರು. ಯಡಿಯೂರಪ್ಪ ಸರ್ಕಾರದ ಸಾಧನೆಯ ಬಗ್ಗೆ ಚೀಟಿ ನೋಡಿಕೊಂಡೇ 15 ನಿಮಿಷ ಮಾತಾಡಿ ಎಂಬ ಅರ್ಥದ ಉತ್ತರ ಸಿದ್ದರಾಮಯ್ಯನವರ ಖಾತೆಯಿಂದ ತಡವಿಲ್ಲದೆ ಬಂತು. ದೆಹಲಿಯ ಚಾನೆಲ್ಲುಗಳು ಇದನ್ನು ಹೊತ್ತು ಮೆರೆಸಿದವು. ಎರಡು ವಾರಗಳ ನಂತರ, ಮೇ 15ರಂದು, ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಅವರು ಜಿ.ಟಿ.ದೇವೇಗೌಡರ ಎದುರು 36,042 ಮತಗಳಿಂದ ಸೋತಿದ್ದರು. ವಿಧಾನಸಭೆಗೆ ಬಂದದ್ದು ಬಾದಾಮಿಯಿಂದ, 1,696 ಮತಗಳ ಅಂತರದಲ್ಲಿ. ಸಹಕಾರ ಸಂಘ, ಹಳ್ಳಿಯ ಮದುವೆ, ಸಾವಿನ ಮನೆ ಎಲ್ಲವನ್ನೂ ಬಲ್ಲ ದೇವೇಗೌಡರಿಗೆ ಟ್ವಿಟರ್ ಬೇಕಾಗಿರಲಿಲ್ಲ. ಇಲವಾಲದ ಮತದಾರ ಇಂಗ್ಲಿಷ್ ಟ್ವೀಟು ಓದಿ ಮತ ಹಾಕುವವನೂ ಆಗಿರಲಿಲ್ಲ. ಜಾಲತಾಣದ ಗೆಲುವನ್ನು ಕ್ಷೇತ್ರದ ಗೆಲುವೆಂದು ಎಣಿಸಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

2023ರಲ್ಲಿ ಸಿದ್ದರಾಮಯ್ಯ ಹುಟ್ಟೂರು ಸಿದ್ದರಾಮನಹುಂಡಿ ಸೇರಿರುವ ವರುಣಾ ಕ್ಷೇತ್ರಕ್ಕೆ ಮರಳಿ ವಿ.ಸೋಮಣ್ಣ ಅವರನ್ನು 46,163 ಮತಗಳಿಂದ ಸೋಲಿಸಿದರು. ಆ ಚುನಾವಣೆಯ ಕಾಂಗ್ರೆಸ್ ಪ್ರಚಾರ 2018ರದ್ದರಂತಿರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖವಿದ್ದ 'ಪೇಸಿಎಂ' ಪೋಸ್ಟರುಗಳು ಕಾಣಿಸಿಕೊಂಡವು. ಅದರಲ್ಲಿದ್ದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ಸರ್ಕಾರದ ಮೇಲಿನ ಕಮಿಷನ್ ಆರೋಪದ ಜಾಲತಾಣ ತೆರೆಯುತ್ತಿತ್ತು. ಬೀದಿಯ ಪೋಸ್ಟರ್ ಮೊಬೈಲಿಗೆ ಹೋಯಿತು, ಮೊಬೈಲಿನ ಚಿತ್ರ ಟಿವಿಗೆ ಹೋಯಿತು, ಪೊಲೀಸ್ ಕ್ರಮ ಅದನ್ನು ಮತ್ತೆ ಬೀದಿಗೆ ತಂದಿತು. ತರಕಾರಿ ಅಂಗಡಿಯಲ್ಲಿ ದಿನವೂ ಸ್ಕ್ಯಾನ್ ಮಾಡುವವರಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

2023ರ ಏಪ್ರಿಲ್ 5ರಂದು ಬೆಂಗಳೂರಿಗೆ ಹಾಲು, ಮೊಸರು ತರುವುದಾಗಿ ಅಮುಲ್ ಸಂಸ್ಥೆ ಟ್ವೀಟ್ ಮಾಡಿತು. ಒಂದೇ ವಾರದಲ್ಲಿ, ರಾಜ್ಯದ್ದೇ ಆದ ಹಾಲಿನ ಬ್ರ್ಯಾಂಡಿನ ಪರವಾಗಿ, 'ನಂದಿನಿ ಉಳಿಸಿ' ಎಂಬುದು ರಾಜ್ಯದ ಚುನಾವಣಾ ವಿಷಯವಾಯಿತು. ಇಷ್ಟು ಬೇಗ ಹಬ್ಬಲು ಕಾರಣ ಯಾವ ಐಟಿ ಸೆಲ್ಲಿನ ಜಾಣತನವೂ ಅಲ್ಲ. ಬೆಳಗಾದರೆ ಬಾಗಿಲಲ್ಲಿ ನಂದಿನಿ ಪ್ಯಾಕೆಟ್ ಇರದ ಮನೆ ಮೈಸೂರಿನಲ್ಲಿ ಕಡಿಮೆ. ಸುತ್ತಲಿನ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವ ಹೆಣ್ಣುಮಕ್ಕಳು ಸಾವಿರಾರು. ಹ್ಯಾಷ್‌ಟ್ಯಾಗ್ ಬರುವ ಮೊದಲೇ ವಿಷಯ ಅವರ ಮನೆಯಲ್ಲಿತ್ತು. ಕಾಂಗ್ರೆಸ್ಸಿನ ಉಚಿತ ಸೌಲಭ್ಯಗಳ ಗ್ಯಾರಂಟಿಗಳೂ ಹಾಗೆಯೇ. ಕಾರ್ಯಕರ್ತರು ಮನೆಮನೆಗೆ ಗ್ಯಾರಂಟಿ ಕಾರ್ಡ್ ಹಂಚಿದರು, ಸಿದ್ದರಾಮಯ್ಯ ವೇದಿಕೆಯ ಮೇಲೆ ಎಚ್.ಸಿ.ಮಹದೇವಪ್ಪ ಅವರ ಕಡೆ ತಿರುಗಿ 'ನಿಂಗೂ ಫ್ರೀ' ಎಂದ ತುಣುಕು ಮೊಬೈಲುಗಳಲ್ಲಿ ಓಡಾಡಿತು. ಮೆಚ್ಚಿದವರೂ ಹಂಚಿದರು, ಅಣಕಿಸಲು ಹೊರಟವರೂ ಹಂಚಿದರು. ಸಂದೇಶ ಎರಡೂ ಕಡೆಯಿಂದ ತಲುಪಿತು.

ಅದೇ ಚುನಾವಣೆಯ ಪ್ರಚಾರದಲ್ಲಿ, ಏಪ್ರಿಲ್ 30ರಂದು, ಮೈಸೂರಿನಲ್ಲಿ ಪ್ರಧಾನಿಯ ರೋಡ್ ಶೋ ನಡೆಯಿತು. ಮಹಿಳೆಯೊಬ್ಬರು ಉತ್ಸಾಹದಲ್ಲಿ ಹೂವಿನ ಜೊತೆಗೆ ಕೈಲಿದ್ದ ಮೊಬೈಲನ್ನೂ ವಾಹನದ ಮೇಲೆ ಎಸೆದುಬಿಟ್ಟರು. ಕೆಟ್ಟ ಉದ್ದೇಶವಿರಲಿಲ್ಲ ಎಂದು ಪೊಲೀಸರು ಹೇಳಿದರು. ರೋಡ್ ಶೋ ಈಗ ಎದುರಿಗೆ ನಿಂತವರಿಗಾಗಿ ಮಾತ್ರ ನಡೆಯುವುದಿಲ್ಲ. ಎರಡೂ ಬದಿಯಲ್ಲಿ ಎತ್ತಿ ಹಿಡಿದ ಸಾವಿರಾರು ಮೊಬೈಲುಗಳ ಮೂಲಕ ಅದು ಮನೆಯಲ್ಲಿ ಉಳಿದವರಿಗೂ ನಡೆಯುತ್ತದೆ.

2024ರ ಮಾರ್ಚ್‌ನಲ್ಲಿ ಬಿಜೆಪಿ ಪ್ರತಾಪ್ ಸಿಂಹ ಅವರಿಗೆ ಟಿಕೆಟ್ ಕೊಡಲಿಲ್ಲ. ಪಟ್ಟಿ ಹೊರಬೀಳುವ ಮೊದಲು ಅವರು ಫೇಸ್‌ಬುಕ್ ಲೈವ್‌ನಲ್ಲಿ ಮನಸ್ಸು ಬಿಚ್ಚಿ ಮಾತಾಡಿದರು, ಬೆಂಬಲಿಗರು ಸಾಲುಸಾಲಾಗಿ ಕಾಮೆಂಟ್ ಹಾಕಿದರು. ಮಾರ್ಚ್ 13ರಂದು ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಅವರ ಹೆಸರು ಪ್ರಕಟವಾಯಿತು. ಇಲ್ಲೊಂದು ಲೆಕ್ಕ ಗಮನಿಸಬೇಕು. 2019ರಲ್ಲಿ ಪ್ರತಾಪ್ ಸಿಂಹ ಗೆದ್ದ ಅಂತರ 1,38,647. 2024ರಲ್ಲಿ ಯದುವೀರ್ ಗೆದ್ದ ಅಂತರ 1,39,262. ಮೊದಲನೆಯವರು ಜಾಲತಾಣದಲ್ಲಿ ಸದಾ ವಾಗ್ವಾದದಲ್ಲಿದ್ದವರು. ಎರಡನೆಯವರ ಪುಟಗಳಲ್ಲಿ ದಸರಾ, ಅರಮನೆ, ಪರಂಪರೆಯ ಚಿತ್ರಗಳೇ ಹೆಚ್ಚು. ಜೆಡಿಎಸ್ 2019ರಲ್ಲಿ ಕಾಂಗ್ರೆಸ್ ಜೊತೆಗಿತ್ತು, 2024ರಲ್ಲಿ ಬಿಜೆಪಿ ಜೊತೆಗಿತ್ತು. ಪರಿಸ್ಥಿತಿಗಳು ಒಂದೇ ಆಗಿರಲಿಲ್ಲ. ಆದರೂ ಅಂತರಗಳ ನಡುವೆ ಇರುವುದು 615 ಮತ. ಆನ್‌ಲೈನ್ ಹಿಂಬಾಲಕರ ಸಂಖ್ಯೆ ಟಿಕೆಟನ್ನೂ ಖಾತರಿಪಡಿಸುವುದಿಲ್ಲ, ಅದಿಲ್ಲದಿದ್ದರೆ ಮತ ಕುಸಿಯುತ್ತದೆಂದೂ ಹೇಳಲಾಗದು.

ಮಂಡ್ಯದ ಪಾಠ

ಜಾಲತಾಣ ನಿಜವಾಗಿ ಫಲಿತಾಂಶಕ್ಕೆ ನೆರವಾದ ಉದಾಹರಣೆ ಬೇಕಾದರೆ ಪಕ್ಕದ ಮಂಡ್ಯಕ್ಕೆ ಹೋಗಬೇಕು. ಮೈಸೂರು ಜಿಲ್ಲೆಯ ಕೆ.ಆರ್.ನಗರ ಈ ಲೋಕಸಭಾ ಕ್ಷೇತ್ರದೊಳಗೇ ಇದೆ. 2019ರಲ್ಲಿ ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತರು. ಎದುರಿಗೆ ಆಗಿನ ಮುಖ್ಯಮಂತ್ರಿಯ ಮಗ ನಿಖಿಲ್ ಕುಮಾರಸ್ವಾಮಿ. ಪಕ್ಷೇತರರಿಗೆ ಬೂತ್ ಸಮಿತಿಯಿಲ್ಲ, ನಾಮಪತ್ರ ಹಿಂಪಡೆಯುವ ಗಡುವು ಮುಗಿಯುವವರೆಗೆ ಚಿಹ್ನೆಯೂ ಇಲ್ಲ. ಸಿಕ್ಕ ಚಿಹ್ನೆ ಕಹಳೆ ಊದುವ ರೈತ. ಇಷ್ಟು ಸಾಲದೆಂಬಂತೆ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಯಾವ ಸುಮಲತಾ, ಯಾವ ಗುಂಡಿ ಎಂಬುದನ್ನು ಕೆಲವೇ ವಾರಗಳಲ್ಲಿ ಲಕ್ಷಾಂತರ ಜನರಿಗೆ ತಿಳಿಸಬೇಕಾಗಿತ್ತು. ಮತಯಂತ್ರದ ಚಿತ್ರ, ಚಿಹ್ನೆಯ ಚಿತ್ರ ಮನೆಮನೆಯ ಮೊಬೈಲಿಗೆ ಹೋದವು. ನಟರಾದ ದರ್ಶನ್ ಮತ್ತು ಯಶ್ ಜೋಡೆತ್ತುಗಳಾಗಿ ಬಿಸಿಲಲ್ಲಿ ಊರೂರು ತಿರುಗಿದರು. ಅವರ ಅಭಿಮಾನಿ ಬಳಗಗಳ ಪುಟಗಳು ಪಕ್ಷವೊಂದರ ಐಟಿ ಸೆಲ್ ಮಾಡುವ ಕೆಲಸವನ್ನು ತಾವಾಗಿ ಮಾಡಿದವು.

ಅದೇ ಹೊತ್ತಿಗೆ ನಿಖಿಲ್ ನಟಿಸಿದ್ದ 'ಜಾಗ್ವಾರ್' ಚಿತ್ರದ ಧ್ವನಿಸುರುಳಿ ಬಿಡುಗಡೆಯ ಹಳೆಯ ವಿಡಿಯೊವೊಂದು ಎದ್ದು ಬಂತು. ವೇದಿಕೆಯಿಂದ ತಂದೆ ಮಗನನ್ನು 'ನಿಖಿಲ್ ಎಲ್ಲಿದ್ದೀಯಪ್ಪ' ಎಂದು ಕರೆಯುವ ತುಣುಕು ಟ್ರೋಲ್ ಪುಟಗಳಿಂದ ಮದುವೆ ಮನೆಯವರೆಗೂ ಹೋಯಿತು. ಯಾವ ಆರೋಪವೂ ಇಲ್ಲದ, ಯಾವ ಪ್ರಣಾಳಿಕೆಯೂ ಇಲ್ಲದ ಎರಡು ಪದ. ಮಗ ತಂದೆಯ ನೆರಳಿನಲ್ಲಿದ್ದಾನೆ ಎಂಬ ಭಾವನೆಯನ್ನು ಅದು ಊರ ತುಂಬ ಬಿತ್ತಿತು. ಸುಮಲತಾ 1,25,876 ಮತಗಳಿಂದ ಗೆದ್ದರು. ಅವರ ಪತಿ ಅಂಬರೀಶ್ ತೀರಿಹೋದ ದುಃಖ ಊರಲ್ಲಿತ್ತು, ಬಿಜೆಪಿಯ ಬೆಂಬಲವಿತ್ತು, ಒಳಗೊಳಗೆ ಸ್ಥಳೀಯ ಕಾಂಗ್ರೆಸ್ಸಿಗರ ನೆರವಿತ್ತು. ಪಕ್ಷದ ಯಂತ್ರವಿಲ್ಲದ ಅಭ್ಯರ್ಥಿಗೆ ಜಾಲತಾಣ ಆ ಯಂತ್ರದ ಕೊರತೆ ತುಂಬಿಕೊಟ್ಟಿತು. ಅದರ ನಿಜವಾದ ಶಕ್ತಿ ಇಲ್ಲಿದೆ: ಈಗಾಗಲೇ ಇರುವ ಭಾವನೆಗೆ ದಾರಿ ಮಾಡಿಕೊಡುವುದು, ಗೊಂದಲ ಬಿಡಿಸುವುದು.

ಚುನಾವಣೆ ಇಲ್ಲದ ದಿನಗಳಲ್ಲೂ ಇದೇ ನಿಯಮ ನಡೆಯುತ್ತದೆ. ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಬೇಡವೆಂದು 2022ರಲ್ಲಿ ಪರಿಸರಪ್ರಿಯರು ನಡೆಸಿದ ಸಹಿ ಸಂಗ್ರಹ ಬೆಟ್ಟದ ಮೆಟ್ಟಿಲ ಬಳಿಯೂ ನಡೆಯಿತು, ಮೊಬೈಲಿನಲ್ಲೂ ನಡೆಯಿತು. ಯೋಜನೆ ಹಿಂದೆ ಸರಿಯಿತು. 2024ರ ಡಿಸೆಂಬರ್‌ನಲ್ಲಿ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಹೆಸರಿಡುವ ಪಾಲಿಕೆಯ ಪ್ರಕಟಣೆ ಹೊರಬಿದ್ದಾಗ, ಅದು ಪ್ರಿನ್ಸೆಸ್ ರಸ್ತೆ ಎನ್ನುವವರು ಹಳೆಯ ದಾಖಲೆಗಳ ಚಿತ್ರಗಳನ್ನು ಹಂಚಿ ಆಕ್ಷೇಪಣೆ ಸಲ್ಲಿಸಲು ಜನರನ್ನು ಕರೆದರು. ಆಗ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ಕೇಳಲು ಕಾರ್ಪೊರೇಟರ್ ಇಲ್ಲದ ಊರಿಗೆ ಮೊಬೈಲೇ ಸಭಾಂಗಣವಾಗಿತ್ತು.

ಬಸ್ ತಂಗುದಾಣ ಮತ್ತು ಪೊಲೀಸ್ ಠಾಣೆ

ಹಾನಿಯ ಕಥೆಗಳೂ ಮೈಸೂರಿನಲ್ಲೇ ಇವೆ. ಊಟಿ ರಸ್ತೆಯಲ್ಲಿ ಜೆಎಸ್‌ಎಸ್ ಕಾಲೇಜಿನ ಬಳಿ ಕಟ್ಟಿದ ಬಸ್ ತಂಗುದಾಣಕ್ಕೆ ಮೂರು ಗುಮ್ಮಟಗಳಿದ್ದವು, ನಡುವಿನದು ದೊಡ್ಡದು. ಅದರ ಚಿತ್ರ ಜಾಲತಾಣದಲ್ಲಿ ಓಡಾಡಿತು. ಆ ಚಿತ್ರ ಕಂಡ ಸಂಸದ ಪ್ರತಾಪ್ ಸಿಂಹ 2022ರ ನವೆಂಬರ್‌ನಲ್ಲಿ, ಇದು ಮಸೀದಿಯಂತಿದೆ, ತೆರವು ಮಾಡದಿದ್ದರೆ ತಾವೇ ಜೆಸಿಬಿ ತರುವುದಾಗಿ ಹೇಳಿದರು. ಕ್ಷೇತ್ರದ ಶಾಸಕ ಎಸ್.ಎ.ರಾಮದಾಸ್ ಅವರದೂ ಅದೇ ಪಕ್ಷ. ವಿನ್ಯಾಸಕ್ಕೆ ಅರಮನೆಯೇ ಸ್ಫೂರ್ತಿ ಎಂಬುದು ಅವರ ಸಮಜಾಯಿಷಿ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ನೋಟಿಸ್ ಕೊಟ್ಟಿತು. ತಿಂಗಳು ಮುಗಿಯುವ ಮೊದಲು ಎರಡು ಚಿಕ್ಕ ಗುಮ್ಮಟಗಳು ಮಾಯವಾಗಿ, ಉಳಿದ ಒಂದಕ್ಕೆ ಕೆಂಪು ಬಣ್ಣ ಬಂದಿತ್ತು. ಬಸ್ಸಿಗೆ ಕಾಯುವ ವಿದ್ಯಾರ್ಥಿಗೆ ಬೇಕಾದ ನೆರಳು, ಬೆಂಚು, ವೇಳಾಪಟ್ಟಿ ಯಾವುದರ ಬಗ್ಗೆಯೂ ಈ ಗದ್ದಲದಲ್ಲಿ ಮಾತಿರಲಿಲ್ಲ. ಒಂದು ಕೋನದಿಂದ ತೆಗೆದ ಒಂದು ಚಿತ್ರ ಊರಿನ ಎರಡು ವಾರಗಳನ್ನು ನುಂಗಿತು.

ಇನ್ನೊಂದು ಘಟನೆ ಇದಕ್ಕಿಂತ ಗಂಭೀರ. ದೆಹಲಿ ವಿಧಾನಸಭಾ ಚುನಾವಣೆಯ ಫಲಿತಾಂಶ ಬಂದದ್ದು 2025ರ ಫೆಬ್ರುವರಿ 8ರಂದು. ವಿರೋಧ ಪಕ್ಷಗಳ ನಾಯಕರನ್ನು ಅವಹೇಳನ ಮಾಡುವ, ಒಂದು ಸಮುದಾಯದ ಧಾರ್ಮಿಕ ಭಾವನೆಯನ್ನು ಕೆಣಕುವ ಚಿತ್ರವೊಂದನ್ನು ಮೈಸೂರಿನ ಒಬ್ಬ ವ್ಯಕ್ತಿ ಹಾಕಿದ. ಪೊಲೀಸರು ಅವನನ್ನು ವಶಕ್ಕೆ ಪಡೆದರು. ಫೆಬ್ರುವರಿ 10ರ ರಾತ್ರಿ ಉದಯಗಿರಿ ಠಾಣೆಯ ಮುಂದೆ ಜನ ಸೇರಿ ಕಲ್ಲು ತೂರಿದರು, ಪೊಲೀಸರು ಗಾಯಗೊಂಡರು, ವಾಹನಗಳು ಜಖಂಗೊಂಡವು. ದೆಹಲಿಯ ಚುನಾವಣೆಯಲ್ಲಿ ಮೈಸೂರಿನ ಯಾರೂ ಮತ ಹಾಕಿರಲಿಲ್ಲ. ಚಿತ್ರ ಹಾಕಿದವನದೂ ತಪ್ಪು, ಕಲ್ಲೆಸೆದವರದೂ ತಪ್ಪು. ಆ ಚಿತ್ರವನ್ನು 'ನೋಡಿ' ಎಂದು ಮುಂದಕ್ಕೆ ತಳ್ಳಿದ ನೂರಾರು ಬೆರಳುಗಳಿಗೂ ಇದರಲ್ಲಿ ಪಾಲಿದೆ, ಅದನ್ನು ಯಾರೂ ಕೇಳುವುದಿಲ್ಲ.

ಮೈಸೂರಿನ ಆಚೆ ಇಂಥ ಸಂದೇಶಗಳು ಜೀವವನ್ನೂ ತೆಗೆದಿವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿ ಜನ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ದೇಶದ ಬೇರೆಡೆಯೂ ಇಂಥ ಸಾವುಗಳಾದ ಬಳಿಕ ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿತು. 2020ರಲ್ಲಿ, ಹಲವು ಬಾರಿ ಕೈಬದಲಾದ ಸಂದೇಶವನ್ನು ಒಂದೇ ಕಡೆಗೆ ಕಳಿಸಬಹುದೆಂದು ಬಿಗಿ ಮಾಡಿತು. ಸಂದೇಶದ ಮೇಲೆ ಕಾಣುವ ಜೋಡಿ ಬಾಣದ ಗುರುತಿಗೆ ಅರ್ಥ ಅದೇ.

ಚುನಾವಣೆಯಲ್ಲಿ ಕೊನೆಯ ಗಳಿಗೆಯ ಸುಳ್ಳು ಅಪಾಯಕಾರಿಯಾಗಲು ಕಾರಣ ಗೆಲುವಿನ ಸಣ್ಣ ಅಂತರಗಳು. 2006ರ ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ ಸಿದ್ದರಾಮಯ್ಯ ಗೆದ್ದದ್ದು 257 ಮತಗಳಿಂದ. ಅಂಥ ಕಣದಲ್ಲಿ ಅಭ್ಯರ್ಥಿ ಕಣದಿಂದ ಹಿಂದೆ ಸರಿದರು ಎಂಬ ಒಂದು ನಕಲಿ ಧ್ವನಿಮುದ್ರಿಕೆ ಮತದಾನದ ಹಿಂದಿನ ರಾತ್ರಿ ಬಂದರೆ ಸಾಕು. ಕೃತಕ ಬುದ್ಧಿಮತ್ತೆಯಿಂದ ಯಾರದೇ ಧ್ವನಿಯನ್ನು ತಯಾರಿಸಬಹುದಾದ ಕಾಲದಲ್ಲಿ ಇದು ಕಲ್ಪನೆಯ ಭಯವಲ್ಲ.

ಕಾನೂನು, ಖರ್ಚು, ಮತದಾರ

ಕಾನೂನು ಈ ವಿಷಯದಲ್ಲಿ ಬಾಯಿ ಮುಚ್ಚಿ ಕುಳಿತಿಲ್ಲ. 2013ರ ಅಕ್ಟೋಬರ್ 25ರಂದು ಚುನಾವಣಾ ಆಯೋಗ ಹೊರಡಿಸಿದ ಸೂಚನೆಯ ಪ್ರಕಾರ ಅಭ್ಯರ್ಥಿ ತನ್ನ ಜಾಲತಾಣ ಖಾತೆಗಳ ವಿವರವನ್ನು ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲೇ ಕೊಡಬೇಕು. ಹಣ ಕೊಟ್ಟು ಹಾಕುವ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕು. ಕಂಪನಿಗೆ ಕೊಟ್ಟ ಹಣ, ವಿಡಿಯೊ ತಯಾರಿಸಿದವರ ಸಂಭಾವನೆ, ಖಾತೆ ನೋಡಿಕೊಳ್ಳುವ ತಂಡದ ಸಂಬಳ ಎಲ್ಲವೂ ಚುನಾವಣಾ ವೆಚ್ಚ. 2022ರಿಂದ ಕರ್ನಾಟಕದಲ್ಲಿ ಆ ವೆಚ್ಚದ ಮಿತಿ ಲೋಕಸಭೆಗೆ ₹95 ಲಕ್ಷ, ವಿಧಾನಸಭೆಗೆ ₹40 ಲಕ್ಷ. ಸ್ವಂತ ಖಾತೆಯಲ್ಲಿ ತಾನೇ ಹಾಕುವ ಮಾತು, ಫೋಟೊಗೆ ಪೂರ್ವಾನುಮತಿ ಬೇಡ, ಆದರೆ ನೀತಿಸಂಹಿತೆ ಅದಕ್ಕೂ ಅನ್ವಯಿಸುತ್ತದೆ. 2024ರ ಮೇ ತಿಂಗಳಲ್ಲಿ ಆಯೋಗ, ನಕಲಿ ಎಂದು ತಿಳಿದುಬಂದದ್ದನ್ನು ಮೂರು ಗಂಟೆಯೊಳಗೆ ತೆಗೆದುಹಾಕುವಂತೆ ಪಕ್ಷಗಳಿಗೆ ಸೂಚಿಸಿತು.

ಆದರೂ ಕಾನೂನಿನ ಈ ಜರಡಿಯಲ್ಲಿ ದೊಡ್ಡ ತೂತೊಂದು ಉಳಿದಿದೆ. ಅಭ್ಯರ್ಥಿಯ ಅಧಿಕೃತ ಪುಟ ಲೆಕ್ಕಕ್ಕೆ ಸಿಗುತ್ತದೆ. 'ಅಭಿಮಾನಿ ಬಳಗ', 'ಯುವ ಪಡೆ' ಎಂಬ ಹೆಸರಿನ ಪುಟಗಳ ಖರ್ಚು ಯಾರದು ಎಂದು ಸಾಬೀತುಪಡಿಸುವುದು ಕಷ್ಟ. ಮತದಾನ ಮುಗಿಯುವ ಸಮಯಕ್ಕೆ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ನಿಲ್ಲಬೇಕೆಂದು ಪ್ರಜಾಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ. ಆಟೊಗಳು ನಿಲ್ಲುತ್ತವೆ, ವಾಟ್ಸಾಪ್ ನಿಲ್ಲುವುದಿಲ್ಲ. ಅಲ್ಲಿನ ಸಂದೇಶಗಳು ಕಳಿಸಿದವರಿಗೂ ಪಡೆದವರಿಗೂ ಮಾತ್ರ ಕಾಣುವಂಥವು, ಅಧಿಕಾರಿಗಳು ನೋಡಲಾರರು. ಈ ಎರಡು ದಿನಗಳ ನಿಶ್ಶಬ್ದವನ್ನು ಉಳಿಸುವ ಸಾಮರ್ಥ್ಯ ಇರುವುದು ಗ್ರೂಪಿನ ಅಡ್ಮಿನ್‌ಗೆ ಮತ್ತು ಸದಸ್ಯರಿಗೆ ಮಾತ್ರ.

ಮತದಾರರ ಕೈಯಲ್ಲಿ ಸಾಧನಗಳಿವೆ, ಅವುಗಳ ಬಳಕೆ ಕಡಿಮೆ. ಫೇಸ್‌ಬುಕ್ಕಿನ ಆ್ಯಡ್ ಲೈಬ್ರರಿಯಲ್ಲಿ ಅಭ್ಯರ್ಥಿಯ ಹೆಸರು ಹುಡುಕಿದರೆ ಯಾವ ಪುಟ ಯಾವ ರಾಜಕೀಯ ಜಾಹೀರಾತಿಗೆ ಸುಮಾರು ಎಷ್ಟು ಹಣ ಕೊಟ್ಟಿದೆ ಎಂದು ಯಾರು ಬೇಕಾದರೂ ನೋಡಬಹುದು. ನೀತಿಸಂಹಿತೆ ಜಾರಿಯಲ್ಲಿರುವಾಗ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಫೋಟೊ ಸಹಿತ ದೂರು ಕೊಟ್ಟರೆ 100 ನಿಮಿಷಗಳಲ್ಲಿ ಕ್ರಮ ಆಗಬೇಕೆಂಬುದು ಅದರ ಗುರಿ. ದೂರು ಕೊಡುವವರು ತಮ್ಮ ಹೆಸರು ಹೇಳಬೇಕಾಗಿಲ್ಲ. ಮುಂದಿನ ಚುನಾವಣೆಯ ಕೊನೆಯ ಎರಡು ದಿನ ಮನೆಯ ಗ್ರೂಪಿಗೆ ಜೋಡಿ ಬಾಣದ ಗುರುತಿರುವ ವಿಡಿಯೊ ಬಂದರೆ ದಯವಿಟ್ಟು ಅದನ್ನು ಅಲ್ಲಿಯೇ ನಿಲ್ಲಿಸಿ. ಅನುಮಾನ ಬಂದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಕೇಳಿ.